ಮೊಮ್ಮಕ್ಕಳ ಜೊತೆ ಹಡಗಿನಲ್ಲಿ ಎರಡು ರಾತ್ರಿ

ಮೈಸೂರಿನ ಮಕ್ಕಳಿಗೆ ನೀರು ಅಂದರೆ ಕಾರಂಜಿ ಕೆರೆ, ರಂಗನತಿಟ್ಟಿನ ದೋಣಿ, ಬೃಂದಾವನದ ಕಾರಂಜಿ. ನಮ್ಮನೆಯ ಇಬ್ಬರಿಗೂ ಅಷ್ಟೇ ಗೊತ್ತಿತ್ತು. ಮೊಮ್ಮಗಳಿಗೆ ಏಳು ವರ್ಷ, ಮೊಮ್ಮಗನಿಗೆ ನಾಲ್ಕು ತುಂಬಿತ್ತು. ಇವರನ್ನು ಕರೆದುಕೊಂಡು ಎಲ್ಲರೂ ಒಂದು ಕ್ರೂಸ್‌ಗೆ ಹೋಗೋಣ ಅಂತ ಮಗ ಹೇಳಿದಾಗ ನಮ್ಮನೆಯವರು, "ಆ ದುಡ್ಡಲ್ಲಿ ಕಾಶಿಗೇ ಹೋಗಿಬರಬಹುದು" ಅಂದರು. ಕಾಶಿ ಎಲ್ಲಿಗೂ ಓಡಿಹೋಗಲ್ಲ, ಮಕ್ಕಳು ಬೆಳೆದುಬಿಡ್ತಾರೆ ಅಂತ ನಾನೇ ಜೋರು ಮಾಡಿ ಒಪ್ಪಿಸಿದೆ.

ಹೋಗಿಬಂದ ಮೇಲೆ ಪಾರ್ಕಿನಲ್ಲಿ ಸಿಗುವ ಗೆಳತಿಯರೆಲ್ಲ ಹಡಗು ಎಷ್ಟು ದೊಡ್ಡದು, ಊಟ ಹೇಗಿತ್ತು ಅಂತ ಕೇಳುತ್ತಾರೆ. ನಾನು ಹೇಳೋದು ಬೇರೆ. ರೂಮು ಹಡಗಿನ ಯಾವ ಭಾಗದಲ್ಲಿ ಸಿಕ್ಕಿತು, ಮಕ್ಕಳು ಮಧ್ಯಾಹ್ನ ಮಲಗಿದರಾ ಇಲ್ವಾ, ಈ ಎರಡು ಸರಿಹೋದರೆ ಮಿಕ್ಕಿದ್ದೆಲ್ಲ ತಾನಾಗಿ ಸರಿಹೋಗುತ್ತೆ.

ಮೊದಲು ಸಮಯದ ವಿಚಾರ. ಮುಂಗಾರಿನಲ್ಲಿ ಅರಬ್ಬೀ ಸಮುದ್ರ ತುಂಬಾ ಒರಟು. ಆ ತಿಂಗಳುಗಳಲ್ಲಿ ಮುಂಬೈ ಕಡೆಯಿಂದ ಹೋಗುವ ಯೋಚನೆ ಬೇಡ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಟ ಜಾಸ್ತಿ ಇರೋದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅಂದರೆ ದಸರಾ ರಜೆಯಲ್ಲಿ ಚೆನ್ನೈ ಕಡೆಯಿಂದ ಹೊರಡೋದು ನನಗೆ ಇಷ್ಟವಾಗಲಿಲ್ಲ. ಅಲ್ಲದೆ ದಸರಾಗೆ ಮನೆ ತುಂಬಾ ನೆಂಟರು, ಎಲ್ಲಿಗೆ ಹೋಗೋದು? ಹಾಗಾಗಿ ಆಗಸ್ಟ್‌ನಲ್ಲಿ, ವರಮಹಾಲಕ್ಷ್ಮಿ ಹಬ್ಬ ಮುಗಿಸಿಕೊಂಡು, ಚೆನ್ನೈಯಿಂದ ಹೊರಟು ಚೆನ್ನೈಗೇ ವಾಪಸ್ ಬರುವ ಹಡಗು ಹಿಡಿದೆವು. ನಡುವೆ ಯಾವ ಊರಲ್ಲೂ ನಿಲ್ಲೋದಿಲ್ಲ. "ಏನೂ ನೋಡೋಕಿಲ್ಲ, ಬರೀ ನೀರು" ಅಂತ ಸೊಸೆ ರಾಗ ತೆಗೆದಳು. ಆದರೆ ಚಿಕ್ಕ ಮಕ್ಕಳಿದ್ದಾಗ ಇದೇ ಅನುಕೂಲ. ಬಂದರಿನಲ್ಲಿ ಇಳಿ, ಬಸ್ಸು ಹತ್ತು, ಬಿಸಿಲಲ್ಲಿ ಅಲೆ, ಹೊತ್ತಿಗೆ ಸರಿಯಾಗಿ ವಾಪಸ್ ಓಡು ಅನ್ನೋ ಗಲಾಟೆಯೇ ಇಲ್ಲ.

ಶ್ರೀಲಂಕಾ ಥರ ಬೇರೆ ದೇಶ ಮುಟ್ಟುವ ಹಡಗಾದರೆ ಮಕ್ಕಳಿಗೂ ಪಾಸ್‌ಪೋರ್ಟ್ ಬೇಕು. ನಮ್ಮದಕ್ಕೆ ಆಧಾರ್ ಸಾಕಾಯಿತು. ಮಕ್ಕಳ ಜನನ ಪ್ರಮಾಣಪತ್ರವನ್ನೂ ಇಟ್ಟುಕೊಂಡಿದ್ದೆ. ತಂದೆ ತಾಯಿ ಇಲ್ಲದೆ ಅಜ್ಜ ಅಜ್ಜಿ ಮಾತ್ರ ಕರೆದುಕೊಂಡು ಹೋಗೋದಾದರೆ ಅವರಿಂದ ಒಂದು ಒಪ್ಪಿಗೆ ಪತ್ರ ಬರೆಸಿ ಇಟ್ಟುಕೊಳ್ಳಿ. ಕೈಗೂಸುಗಳಿಗೆ ಸಾಮಾನ್ಯವಾಗಿ 6 ತಿಂಗಳಾದರೂ ಆಗಿರಬೇಕು ಅನ್ನುವ ನಿಯಮ ಇದೆ. ಬುಕ್ ಮಾಡುವಾಗ ಜಾಹೀರಾತಿನ ರೇಟು ನೋಡಿ ಲೆಕ್ಕ ಹಾಕಬೇಡಿ. ಪೋರ್ಟ್ ಚಾರ್ಜು, ಸರ್ವಿಸ್‌ನವರ ಟಿಪ್ಸ್, ಜಿಎಸ್‌ಟಿ ಎಲ್ಲ ಸೇರಿದ ಮೊತ್ತ ಬೇರೆ. ಏಜೆಂಟ್ ಹತ್ತಿರ "ಒಟ್ಟು ಎಷ್ಟು, ಒಂದೇ ಸಲ ಹೇಳಿಬಿಡಿ" ಅಂತ ನಾನೇ ಫೋನ್ ಹಿಡಿದು ಕೇಳಿದೆ. ಸ್ವಲ್ಪ ತಡವರಿಸಿ ಹೇಳಿದ.

ಮಡಿಕೇರಿ ದಾರಿಯಲ್ಲಿ ನಮ್ಮ ಮೊಮ್ಮಗಳಿಗೆ ವಾಂತಿ ಆಗುತ್ತೆ. ಸುಂಟಿಕೊಪ್ಪ ಬರುವಷ್ಟರಲ್ಲಿ ಮುಖ ಬಾಡಿರುತ್ತೆ. ಹಾಗಾಗಿ ಹೊರಡುವ ಮೊದಲೇ ಮಕ್ಕಳ ಡಾಕ್ಟರ ಹತ್ತಿರ ಹೋದೆವು. 2 ವರ್ಷದೊಳಗಿನ ಕೂಸುಗಳಿಗೆ ಈ ತೊಂದರೆ ಅಪರೂಪವಂತೆ, 2ರಿಂದ 12ರವರೆಗೆ ಜಾಸ್ತಿಯಂತೆ. ನಾವೆಲ್ಲ ಬಸ್ಸು ಹತ್ತುವಾಗ ನುಂಗುತ್ತೀವಲ್ಲ, ಆ ಅವೊಮಿನ್ ಮಾತ್ರೆಯಲ್ಲಿರೋದು ಪ್ರೊಮೆಥಜಿನ್. ಅದನ್ನು 2 ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ದೊಡ್ಡ ಮಕ್ಕಳಿಗೂ ಎಷ್ಟು ಕೊಡಬೇಕು ಅಂತ ಡಾಕ್ಟರೇ ಹೇಳಬೇಕು, ಅಂದಾಜಿನ ಮೇಲೆ ಅರ್ಧ ಮುರಿದು ಕೊಡೋದಲ್ಲ. ತಲೆ ಸುತ್ತು ಶುರುವಾದ ಮೇಲೆ ಕೊಟ್ಟರೆ ಅಷ್ಟಾಗಿ ಕೆಲಸ ಮಾಡಲ್ಲ, ಮೊದಲೇ ಕೊಡಬೇಕು. ಕೊಟ್ಟರೆ ಮಂಪರು ಬರುತ್ತೆ. ನಮಗೆ ಅದೂ ಒಂದು ಲಾಭವೇ ಆಯಿತು ಅನ್ನಿ.

ಇನ್ನು ರೂಮು. ಹಡಗಿನ ಎರಡೂ ಪಕ್ಕ, ನೀರಿನೊಳಗೆ, ಸ್ಟೆಬಿಲೈಸರ್ ಅನ್ನುವ ರೆಕ್ಕೆಗಳಿರುತ್ತವೆ. ಅವು ಅಡ್ಡಕ್ಕೆ ಹೊಯ್ದಾಡೋದನ್ನು ಕಡಿಮೆ ಮಾಡುತ್ತವೆ. ಮೂತಿ ಮೇಲೆದ್ದು ಕೆಳಗಿಳಿಯುವ ಕುಲುಕಾಟಕ್ಕೆ ಅವುಗಳಿಂದ ಅಷ್ಟು ಪ್ರಯೋಜನ ಇಲ್ಲ. ಅದು ಮುಂಭಾಗದಲ್ಲೂ ಹಿಂಭಾಗದಲ್ಲೂ ಜಾಸ್ತಿ, ನಡುವಿನಲ್ಲಿ ಕಡಿಮೆ. ಪಾರ್ಕಿನ ಸೀಸಾದಲ್ಲಿ ನಡುವೆ ಕೂತವರಿಗೆ ಏನೂ ಆಗಲ್ಲ ಅಲ್ವಾ, ಹಾಗೆ. ಅದಕ್ಕೇ ಕೆಳಗಿನ ಡೆಕ್ಕು, ನಡುಭಾಗ ಅಂತ ಪಟ್ಟು ಹಿಡಿದು ಅಕ್ಕಪಕ್ಕದ ಎರಡು ರೂಮು ತೆಗೆದುಕೊಂಡೆವು. ಬಾಲ್ಕನಿ ಇರುವ ರೂಮು ಬೇಡ ಅಂದವಳು ನಾನೇ. ನಾಲ್ಕು ವರ್ಷದ ಹುಡುಗ, ಒಂದು ಕುರ್ಚಿ, ಒಂದು ಕಂಬಿ. ಈ ಮೂರೂ ಒಂದೇ ಕಡೆ ಇದ್ದರೆ ನನಗೆ ನಿದ್ದೆ ಬರಲ್ಲ. ತೆರೆಯೋಕೆ ಬರದ ಗಾಜಿನ ಕಿಟಕಿ ಸಾಕು. ಕಿಟಕಿಯೇ ಇಲ್ಲದ ಒಳಗಿನ ರೂಮು ಅಗ್ಗ. ಆದರೆ ಅದರಲ್ಲಿ ಹಗಲೂ ಗವ್ವೆನ್ನುವ ಕತ್ತಲು. ಮಕ್ಕಳು ಎದ್ದಾಗ ಗಾಬರಿಯಾಗ್ತಾರೆ.

ಮೈಸೂರಿನಿಂದ ಚೆನ್ನೈಗೆ ವಂದೇ ಭಾರತ್‌ನಲ್ಲಿ ಹೋದೆವು. 2022ರ ನವೆಂಬರ್‌ನಲ್ಲಿ ಶುರುವಾದ ಗಾಡಿ ಇದು. ಮಧ್ಯಾಹ್ನ ಹತ್ತಿದರೆ ರಾತ್ರಿ ಊಟದ ಹೊತ್ತಿಗೆ ಚೆನ್ನೈ. 5 ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ಆದರೆ ಸೀಟೂ ಇಲ್ಲ. ಆರೂವರೆ ಗಂಟೆ ತೊಡೆ ಮೇಲೆ ಯಾರು ಕೂರಿಸಿಕೊಳ್ಳೋದು? ಪೂರ್ತಿ ದುಡ್ಡು ಕೊಟ್ಟು ಅವನಿಗೂ ಸೀಟು ತೆಗೆದೆವು. ಮನೆಯ ಅಡುಗೆಯನ್ನು ಹಡಗಿನೊಳಗೆ ಬಿಡೋದಿಲ್ಲ ಅಂತ ಮೊದಲೇ ತಿಳಿಸಿದ್ದರು. ನಾನು ಕಟ್ಟಿಕೊಂಡಿದ್ದ ಚಕ್ಕುಲಿ, ಕೋಡುಬಳೆಯೆಲ್ಲ ಜೋಲಾರ್‌ಪೇಟೆ ಬರುವಷ್ಟರಲ್ಲಿ ಖಾಲಿ. ಆ ರಾತ್ರಿ ಚೆನ್ನೈಯಲ್ಲೇ ಉಳಿದೆವು. ಹಡಗು ಹೊರಡುವ ದಿನವೇ ಊರಿಂದ ಹೊರಡೋದು ಬೇಡವೇ ಬೇಡ. ಗಾಡಿ ತಡವಾದರೆ ಹಡಗು ಕಾಯೋದಿಲ್ಲ.

ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಅವರೇ ತೆಗೆದುಕೊಂಡು ಹೋಗ್ತಾರೆ. ರೂಮಿಗೆ ಬರೋದು ಸಂಜೆಗೆ. ಹಾಗಾಗಿ ಕೈಚೀಲದಲ್ಲಿ ಈಜುಬಟ್ಟೆ, ಮಕ್ಕಳದ್ದು ಒಂದೊಂದು ಜೊತೆ ಬಟ್ಟೆ, ಎಲ್ಲ ಔಷಧಿ, ನಮ್ಮನೆಯವರ ಬಿಪಿ ಮಾತ್ರೆ ಇರಲೇಬೇಕು.

ಹತ್ತಿದ ಮೇಲೆ ಮೊದಲ ಕೆಲಸ ಸುರಕ್ಷತಾ ಡ್ರಿಲ್, ಅಂದರೆ ಅಪಾಯ ಬಂದರೆ ಏನು ಮಾಡಬೇಕು ಅನ್ನೋ ಅಭ್ಯಾಸ. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾನ್ಕಾರ್ಡಿಯಾ ಅನ್ನೋ ಕ್ರೂಸ್ ಹಡಗು ಮಗುಚಿದಾಗ, ಆಗತಾನೇ ಹತ್ತಿದ್ದ ಎಷ್ಟೋ ಜನಕ್ಕೆ ಇನ್ನೂ ಡ್ರಿಲ್ ಆಗಿರಲಿಲ್ಲ. 32 ಜನ ಸತ್ತರು. ಆಮೇಲೆ ನಿಯಮ ಬಿಗಿ ಮಾಡಿ, ಹೊರಡುವ ಮೊದಲು ಇಲ್ಲವೇ ಹೊರಟ ಕೂಡಲೇ ಮಾಡಬೇಕು ಅಂತ ತಂದರು. ಎಚ್ಚರಿಕೆಯ ಗುರುತು ಏಳು ಚಿಕ್ಕ ಕೂಗು, ಆಮೇಲೆ ಒಂದು ಉದ್ದ ಕೂಗು. ಮಕ್ಕಳು ಹೆದರಿಕೊಂಡು ಅಳಬಾರದು ಅಂತ ಮನೆಯಲ್ಲೇ ಆಟ ಮಾಡಿಸಿದ್ದೆ. ತಾತ ಜಾತ್ರೆಯ ಪೀಪಿ ಊದೋದು, ಎಂಟನೆಯದು ಉದ್ದಕ್ಕೆ ಬಂದ ತಕ್ಷಣ ಇಬ್ಬರೂ ಓಡಿ ಬಂದು ನನ್ನ ಕೈ ಹಿಡಿದುಕೊಳ್ಳೋದು. ಹಡಗಿನಲ್ಲಿ ನಿಜವಾದ ಹಾರ್ನ್ ಕೂಗಿದಾಗ ಮೊಮ್ಮಗ ಬೆರಳು ಮಡಿಸುತ್ತಾ ಎಣಿಸಿದ. ಕೊನೆಯ ಕೂಗಿಗೆ "ಅಜ್ಜೀ, ಉದ್ದದ್ದು ಬಂತು!" ಅಂತ ಕಿರುಚಿದ. ಅಕ್ಕಪಕ್ಕದವರೆಲ್ಲ ನಕ್ಕರು. ಮಕ್ಕಳ ಅಳತೆಯ ಲೈಫ್ ಜಾಕೆಟ್ ರೂಮಿನಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ.

ಯಾರೂ ಹೇಳದ ಇನ್ನೊಂದು ವಿಷಯ ಬಾಗಿಲು. ಹಡಗಿನ ಬಾಗಿಲುಗಳು ಭಾರ. ಡೆಕ್ಕಿಗೆ ಹೋಗುವ ಬಾಗಿಲಂತೂ ಗಾಳಿಗೆ ಫಟ್ ಅಂತ ಹಾಕಿಕೊಳ್ಳುತ್ತೆ. ಮಕ್ಕಳು ಚೌಕಟ್ಟಿಗೆ ಕೈ ಕೊಟ್ಟು ನಿಲ್ಲೋದೇ ಜಾಸ್ತಿ. ಬಾಗಿಲು ಮುಟ್ಟೋದು ದೊಡ್ಡವರು ಮಾತ್ರ ಅಂತ ಮೊದಲ ದಿನವೇ ಕಟ್ಟುನಿಟ್ಟು ಮಾಡಿದೆ. ಬಚ್ಚಲಮನೆಯ ಹೊಸ್ತಿಲೂ ಎತ್ತರ. ರಾತ್ರಿ ಅಲ್ಲಿಯ ದೀಪ ಹಾಕಿ ಬಾಗಿಲು ಒಂಚೂರು ತೆರೆದಿಟ್ಟರೆ ಮಕ್ಕಳೂ ಎಡವಲ್ಲ, ನಾವೂ ಎಡವಲ್ಲ. ಗೋಡೆಯಿಂದ ಕೆಳಗೆ ಮಡಚಿ ಇಳಿಸುವ ಮೇಲಿನ ಹಾಸಿಗೆಗೆ ಇಬ್ಬರೂ ಜಗಳ ಆಡಿದರು. ಅದು ಏಳು ವರ್ಷದವಳಿಗೆ ಅಂತ ತೀರ್ಮಾನ ಆಯಿತು.

ಕೆಲಸ ಹಂಚಿಕೊಂಡೆವು. ಬೆಳಗ್ಗೆ ಬೇಗ ಏಳುವವರು ನಾವಿಬ್ಬರು. ಮಕ್ಕಳನ್ನು ಎಬ್ಬಿಸಿ ಹಾಲು, ಇಡ್ಲಿ ತಿನ್ನಿಸಿ ಡೆಕ್ಕಿಗೆ ಕರೆದುಕೊಂಡು ಹೋಗೋದು ನಮ್ಮದು. ಮಗ ಸೊಸೆ ಒಂಬತ್ತರವರೆಗೆ ಮಲಗಲಿ, ಪಾಪ. ಈಜುಕೊಳ ಅವರದ್ದು. ಡೈಪರ್ ಹಾಕುವ ಮಕ್ಕಳನ್ನು ಹೆಚ್ಚಿನ ಹಡಗುಗಳಲ್ಲಿ ಕೊಳಕ್ಕೆ ಬಿಡೋದಿಲ್ಲ, ಇದು ಗೊತ್ತಿರಲಿ. ಮಕ್ಕಳ ಕ್ಲಬ್ಬಿಗೂ ಸಾಮಾನ್ಯವಾಗಿ 3 ವರ್ಷ ತುಂಬಿರಬೇಕು. ಮಧ್ಯಾಹ್ನ ಊಟ ಆದ ಕೂಡಲೇ ಪರದೆ ಎಳೆದು ಮಲಗಿಸೋದು. ಮೇಲೆ ಜಾದೂ ಶೋ ಇರಲಿ, ಏನೇ ಇರಲಿ. ಎರಡು ಗಂಟೆ ಮಲಗಿದ ಮಕ್ಕಳು ರಾತ್ರಿ ಊಟದ ಮೇಜಿನಲ್ಲಿ ನಗುತ್ತಾ ಕೂತಿದ್ದವು. ಮಲಗದ ಮಕ್ಕಳು ಪಕ್ಕದ ಮೇಜುಗಳಲ್ಲಿ ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದವು.

ಊಟದ ಬಗ್ಗೆ ಚಿಂತೆ ಬೇಡ. ಅನ್ನ, ಮೊಸರು, ತಿಳಿಸಾರಿಗೆ ಹತ್ತಿರದ್ದು ಏನೋ ಒಂದು ಸಿಗುತ್ತೆ. ಆದರೆ ಊಟಕ್ಕೆ ಮುಂಚೆ ಕೈ ತೊಳೆಸೋದು ಸೋಪಿನಲ್ಲಿ. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟಲ್ಲ. ಬಫೆಯ ಸೌಟು ನೂರಾರು ಕೈ ಮುಟ್ಟಿರುತ್ತೆ. ಬಡಿಸಿಕೊಂಡು ಬಂದ ಮೇಲೆ ಇನ್ನೊಂದು ಸಲ ಕೈ ತೊಳೆಯೋದು ನನ್ನ ಪದ್ಧತಿ. ನಮ್ಮನೆಯವರು "ಮಡಿ ಜಾಸ್ತಿ ಆಯ್ತು" ಅಂತ ಗೊಣಗಿದರು.

ದಡ ದೂರವಾದ ಮೇಲೆ ಫೋನ್ ಸಿಗ್ನಲ್ ಹೋಗುತ್ತೆ. ಆಗ ಹಡಗಿನದೇ ನೆಟ್‌ವರ್ಕ್ ಹಿಡಿದು ಬಿಲ್ ಸಿಕ್ಕಾಪಟ್ಟೆ ಏರಬಹುದು. ಹತ್ತಿದ ಕೂಡಲೇ ಎಲ್ಲರ ಫೋನನ್ನೂ ಫ್ಲೈಟ್ ಮೋಡ್‌ಗೆ ಹಾಕಿ. ಫೋನ್ ಇಲ್ಲದ ಕಾರಣ, ಯಾರು ಎಲ್ಲಿ, ಎಷ್ಟು ಹೊತ್ತಿಗೆ ಸೇರಬೇಕು ಅಂತ ಬಾಯಲ್ಲೇ ಮಾತಾಡಿಕೊಳ್ಳಬೇಕು. ನಮ್ಮದು ಮೆಟ್ಟಿಲ ಹತ್ತಿರದ ದೊಡ್ಡ ಗಡಿಯಾರದ ಕೆಳಗೆ. ರಾತ್ರಿ ಹತ್ತರ ಮೇಲೆ ಮೇಲಿನ ಡೆಕ್ಕಿನಲ್ಲಿ ಡಿಜೆ, ಕುಡಿತ, ಕುಣಿತ. ವಾರಾಂತ್ಯದಲ್ಲಿ ಆಫೀಸಿನ ಗುಂಪುಗಳೇ ಜಾಸ್ತಿ. ಅದು ಮಕ್ಕಳ ಜಾಗ ಅಲ್ಲ, ನಮ್ಮದೂ ಅಲ್ಲ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ರೂಮಿನ ಹೊರಗೆ ಇಟ್ಟರೆ ಅವರೇ ಕೆಳಗಿಳಿಸಿ ಕೊಡ್ತಾರೆ. ಬೆಳಗ್ಗೆ ಹಾಕೋ ಬಟ್ಟೆ, ಚಪ್ಪಲಿ ಮೊದಲೇ ಹೊರಗೆ ತೆಗೆದಿಡಿ. ಇಳಿದ ಮೇಲೂ ಒಂದು ದಿನ ನೆಲ ಆಡಿದ ಹಾಗೆ ಅನ್ನಿಸುತ್ತೆ, ಗಾಬರಿ ಬೇಡ. ವಾಪಸ್ ಬರೋಕೆ ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ ಒಳ್ಳೆಯದು. ಹಗಲು ಚೆನ್ನೈಯ ಲಾಡ್ಜಿನಲ್ಲಿ ಮಕ್ಕಳನ್ನು ಮಲಗಿಸಿ, ಸಂಜೆ ಮರೀನಾದಲ್ಲಿ ಆಡಿಸಿ ಹತ್ತಬಹುದು. ಬೆಳಗ್ಗೆ ಮೈಸೂರು ಸ್ಟೇಷನ್ನಿನಲ್ಲಿ ಇಳಿದಾಗ ನಮ್ಮನೆಯವರು ಆಟೋದವನ ಜೊತೆ ಚೌಕಾಸಿ ಮಾಡುತ್ತಲೇ, "ಲಕ್ಷದ್ವೀಪಕ್ಕೂ ಹಡಗು ಹೋಗುತ್ತಂತಲ್ಲ?" ಅಂತ ಮಗನನ್ನು ಕೇಳಿದರು.