ಬೇಸಿಗೆಗೆ ಸೋಫಾದ ದಿಂಬಿಗೆ ಕಡಲ ಬಣ್ಣದ ಗವಸು

ಕಳೆದ ಏಪ್ರಿಲ್‌ನಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದ ಮೂರು ಮನೆಗಳಲ್ಲಿ ಒಂದೇ ಕತೆಯಾಯಿತು. ಸೋಫಾಕ್ಕೆ ಸಮುದ್ರದ ಸೊಬಗು ಬರಲೆಂದು ನೀಲಿ ಬಟ್ಟೆ ತಂದರು, ಅಂದೇ ಕತ್ತರಿಸಿ ಹೊಲಿದರು. ಮೊದಲ ಒಗೆತಕ್ಕೇ ಗವಸು ಕುಗ್ಗಿತು, ದಿಂಬು ಒಳಗೆ ಹೋಗಲೊಲ್ಲದು. ಒಬ್ಬರ ಮನೆಯಲ್ಲಂತೂ ನೀಲಿ ಬಣ್ಣ ಬಿಳಿ ಸೋಫಾಕ್ಕೂ ಹತ್ತಿತು. ಗವಸು ಹೊಲಿಯುವುದು ಕಷ್ಟದ ಕೆಲಸವಲ್ಲ. ಹೊಲಿಯುವ ಮುಂಚೆ ಬಟ್ಟೆಗೆ ಒಂದು ದಿನ ಕೊಡಬೇಕು, ಅಷ್ಟೇ.

ಮೊದಲು ಬಟ್ಟೆಯ ಆಯ್ಕೆ. ಹತ್ತಿ ಅಥವಾ ಲಿನನ್ ಮಾತ್ರ ತನ್ನಿ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಮುಂಬೈ ಸೆಕೆಯಲ್ಲಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಲಂಗರು, ಶಂಖ, ಹಡಗಿನ ಚಕ್ರದ ಚಿತ್ರ ಅಚ್ಚೊತ್ತಿದ ಮಿರಿಮಿರಿ ರೆಡಿಮೇಡ್ ಗವಸು ಬೇಡವೇ ಬೇಡ. ಕರಾವಳಿಯಲ್ಲಿ ಬೆಳೆದ ನನಗೆ ಕಡಲೆಂದರೆ ಒದ್ದೆ ಮರಳಿನ ಕಂದು, ಬೆಳಗಿನ ತಿಳಿನೀಲಿ, ಬಿಸಿಲಿಗೆ ಮಾಸಿದ ಬಿಳಿ, ಬಲೆಯಂಥ ಚೌಕಳಿ. ಐದು ದಿಂಬಿದ್ದರೆ ಮೂರು ಸಾದಾ, ಒಂದು ಪಟ್ಟೆ, ಒಂದು ಚೌಕಳಿ ಇರಲಿ. ಆ ಚೌಕಳಿಗೆ ಗೋವಾದ ಕುಣಬಿ ಸೀರೆಯ ಕೆಂಪು-ಬಿಳಿ ಬಟ್ಟೆ ಸಿಕ್ಕರೆ ಬಿಡಬೇಡಿ, ನೀಲಿಗಳ ನಡುವೆ ಆ ಕೆಂಪು ಇಡೀ ಕೋಣೆಯನ್ನು ಎಬ್ಬಿಸುತ್ತದೆ. ನಾನು ಅಮ್ಮನ ಹಳೆಯ ಉಡುಪಿ ಸೀರೆಯನ್ನೂ ಬಳಸಿದ್ದೇನೆ. 2016ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಈ ಕೈಮಗ್ಗದ ಸೀರೆ ಹಳತಾದಷ್ಟೂ ಮೆತ್ತಗಾಗುತ್ತದೆ. ತೆಳು ಬಟ್ಟೆಯಾದ್ದರಿಂದ ಒಳಗೆ ಬಿಳಿ ಹತ್ತಿಯ ಅಸ್ತರು ಕೊಡಿ.

ಹೊಸ ಬಟ್ಟೆಗೆ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮಂಗಲದಾಸ್ ಮಾರ್ಕೆಟ್ಟಿಗೆ ಹೋಗಿ, ಭಾನುವಾರ ಬಿಟ್ಟು. 44 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಐದು ಗವಸಿಗೆ ಎರಡೂಕಾಲು ಮೀಟರ್ ಸಾಕು, ಕುಗ್ಗುವುದೂ ಆ ಲೆಕ್ಕದಲ್ಲೇ ಬಂತು.

ಈಗ ಆ ಒಂದು ದಿನ. ಬಟ್ಟೆಯನ್ನು ಕತ್ತರಿಸದೆ ಇಡಿಯಾಗಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ. ಗಂಜಿ ಬಿಡುತ್ತದೆ, ಕುಗ್ಗುವುದೂ ಬಹುಪಾಲು ಇಲ್ಲೇ ಮುಗಿಯುತ್ತದೆ. ಇಂಡಿಗೊ, ಅಂದರೆ ಗಾಢ ನೀಲಿ ಬಣ್ಣ ಹಾಕಿದ ಬಟ್ಟೆಯನ್ನು ಬೇರೆಯೇ ಬಕೆಟ್ಟಿನಲ್ಲಿ ಹಾಕಿ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಜಾಲಿಸಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎನ್ನುವ ಮಾತು ನಂಬಬೇಡಿ. ಇಂಡಿಗೊ ನೂಲಿನ ಮೇಲ್ಮೈಯಲ್ಲೇ ಕೂರುವ ಬಣ್ಣ, ಹೆಚ್ಚಾದದ್ದು ತೊಳೆದೇ ಹೋಗಬೇಕು. ಆಮೇಲೆ ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿ ನೋಡಿ. ನೀಲಿ ಹತ್ತಿದರೆ ಇನ್ನೊಮ್ಮೆ ಒಗೆಯಿರಿ. ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿ ಹಿಡಿಯಿರಿ.

ಅಳತೆಯಲ್ಲಿ ಎಡವುವವರು ಇನ್ನೂ ಹೆಚ್ಚು. ದಿಂಬು 16 ಇಂಚಿನದಾದರೆ ಗವಸು 15 ಇಂಚಿಗೆ ಬರಬೇಕು, ಆಗಲೇ ದಿಂಬು ತುಂಬಿಕೊಂಡು ಕೂರುವುದು. ಹೊಲಿಗೆಗೆ ಸುತ್ತ ಅರ್ಧ ಇಂಚು ಬಿಟ್ಟು, ಮುಂಭಾಗಕ್ಕೆ 16ಕ್ಕೆ 16ರ ಒಂದು ತುಂಡು, ಹಿಂಭಾಗಕ್ಕೆ 16ಕ್ಕೆ ಹನ್ನೊಂದೂವರೆಯ ಎರಡು ತುಂಡು ಕತ್ತರಿಸಿ. ಹಿಂದಿನ ಎರಡೂ ತುಂಡುಗಳ ಒಂದೊಂದು ಉದ್ದದ ಅಂಚನ್ನು ಅರ್ಧ ಇಂಚಿನಂತೆ ಎರಡು ಸಲ ಮಡಚಿ ಹೊಲಿಯಿರಿ. ಇವು ಒಂದರ ಮೇಲೊಂದು ಐದು ಇಂಚು ಏರಿಕೊಳ್ಳುತ್ತವೆ. ಎರಡೇ ಇಂಚು ಇಟ್ಟರೆ ಬಾಯಿ ತೆರೆದು ದಿಂಬು ಕಾಣುತ್ತದೆ. ಜಿಪ್ ಬೇಡ. ಅಗ್ಗದ ಜಿಪ್ ನಮ್ಮ ಉಪ್ಪುಗಾಳಿಗೆ ಬೇಗ ಕಿಲುಬು ಹಿಡಿದು ಬಟ್ಟೆಗೆ ಕಲೆ ಮಾಡುತ್ತದೆ.

ಮುಂಭಾಗವನ್ನು ಸರಿಮಗ್ಗುಲು (ಹೊರಗೆ ಕಾಣಬೇಕಾದ ಬದಿ) ಮೇಲಾಗಿ ಹಾಸಿ. ಅದರ ಮೇಲೆ ಹಿಂದಿನ ಎರಡು ತುಂಡುಗಳನ್ನು ಸರಿಮಗ್ಗುಲು ಕೆಳಗಾಗಿ, ಮಡಚಿದ ಅಂಚು ನಡುವೆ ಬರುವಂತೆ ಇಡಿ. ಮೊದಲು ಇಡುವುದು ಗವಸಿನ ಮೇಲ್ಭಾಗಕ್ಕೆ ಬರುವ ತುಂಡು. ಗವಸನ್ನು ತಿರುಗಿಸಿದಾಗ ಅದೇ ಹೊರಗೆ ಬರುತ್ತದೆ, ಬಾಯಿ ಕೆಳಮುಖವಾಗಿ ಧೂಳು ಒಳಗೆ ಹೋಗುವುದಿಲ್ಲ. ಗುಂಡುಸೂಜಿ ಚುಚ್ಚಿ ನಾಲ್ಕೂ ಬದಿ ಹೊಲಿಯಿರಿ. ಮೂಲೆಗೆ ನಾಲ್ಕು ಇಂಚು ಇರುವಾಗಲೇ ಹೊಲಿಗೆಯನ್ನು ನಿಧಾನವಾಗಿ ಒಳಗೆ ಸರಿಸುತ್ತಾ ಬಂದು, ಮೂಲೆಯಲ್ಲಿ ಇನ್ನರ್ಧ ಇಂಚು ಒಳಗಿರಲಿ. ಇಲ್ಲದಿದ್ದರೆ ಮೂಲೆಗಳು ಮೊಲದ ಕಿವಿಯಂತೆ ಖಾಲಿ ನಿಲ್ಲುತ್ತವೆ. ತಿರುಗಿಸಿ, ದಿಂಬು ತುಂಬಿ.

ಒತ್ತಿದರೆ ಮೇಲೇಳದ ಸಪೂರ ಫೈಬರ್ ದಿಂಬು ಮಾತ್ರ ತರಬೇಡಿ, ಇಷ್ಟೆಲ್ಲ ಹೊಲಿದದ್ದೂ ವ್ಯರ್ಥ. ಮನೆಯಲ್ಲಿ ಬೂರುಗದ ಹತ್ತಿಯ ದಿಂಬಿದ್ದರೆ ಅದೇ ಒಳ್ಳೆಯದು. ಅದನ್ನು ಒಗೆಯಬೇಡಿ, ಬಿಸಿಲಿಗೆ ಹಾಕಿ ಕೊಡವಿದರೆ ಸಾಕು.

ಜೂನ್ ಎರಡನೇ ವಾರಕ್ಕೆ ಮಳೆ ಬರುತ್ತದೆ. ಅದಕ್ಕೂ ಮುಂಚೆ ಗವಸುಗಳನ್ನು ಒಗೆದು, ಒಳಮಗ್ಗುಲು ಹೊರಗೆ ಮಾಡಿ, ಗರಿಗರಿ ಒಣಗಿಸಿ ಕಪಾಟಿನಲ್ಲಿಡಿ. ಅರೆ ಒದ್ದೆಯಲ್ಲಿ ಮಡಚಿಟ್ಟರೆ ಜುಲೈಗೆ ಕಪ್ಪು ಚುಕ್ಕಿಯ ಬೂಷ್ಟು ಹಿಡಿದಿರುತ್ತದೆ, ಬಟ್ಟೆಯಿಂದ ಅದು ಸುಲಭಕ್ಕೆ ಹೋಗುವುದಿಲ್ಲ.