ವಿಶ್ವಾಸಕ್ಕೆ ಅಂಕ ಕೊಡದೆ ಧರ್ಮಬೋಧನೆ: ಪ್ರೌಢಶಾಲೆಯಲ್ಲಿ ನನ್ನ ಅನುಭವ

ಕಥೋಲಿಕ ಪ್ರೌಢಶಾಲೆಯ ಧರ್ಮಬೋಧನೆಯ ತರಗತಿಯಲ್ಲಿ ಕುಳಿತವರೆಲ್ಲರ ನೆಲೆ ಒಂದೇ ಆಗಿರುವುದಿಲ್ಲ. ಭಾನುವಾರದ ಬಲಿಪೂಜೆಯನ್ನು (ದೇವಾಲಯದ ಸಾಮೂಹಿಕ ಆರಾಧನೆಯನ್ನು) ತಪ್ಪಿಸದವರು, ವಿಶ್ವಾಸವನ್ನು ಬಲಪಡಿಸುವ ದೃಢೀಕರಣ ಸಂಸ್ಕಾರವಾದ ಮೇಲೆ ದೇವಾಲಯದತ್ತ ಅಷ್ಟಾಗಿ ಸುಳಿಯದವರು, ಬೇರೆ ಧರ್ಮದ ಮನೆಗಳಿಂದ ಬಂದವರು, ದೇವರಿದ್ದಾನೆಯೇ ಎಂದು ಒಳಗೊಳಗೇ ಕೇಳಿಕೊಳ್ಳುತ್ತಿರುವವರು ಅಕ್ಕಪಕ್ಕದಲ್ಲೇ ಕೂತಿರುತ್ತಾರೆ. ಇವರೆಲ್ಲರಿಗೂ ಪ್ರಾಮಾಣಿಕವಾಗಿ ಪಾಠ ಮಾಡುವುದು ಹೇಗೆ ಎಂಬುದು ನಾನು ಈ ಕೆಲಸಕ್ಕೆ ಬಂದಾಗಿನಿಂದ ನನ್ನನ್ನು ಬಿಡದ ಪ್ರಶ್ನೆ.

ವ್ಯಾಟಿಕನ್ನಿನ ಶಿಕ್ಷಣ ಇಲಾಖೆ 1988ರಲ್ಲಿ ಹೊರಡಿಸಿದ ದಾಖಲೆಯೊಂದು ನನಗೆ ದಾರಿ ತೋರಿಸಿತು. ಶಾಲೆಯ ಪಾಠವಾದ ಧರ್ಮಬೋಧನೆಗೂ ವಿಶ್ವಾಸದಲ್ಲಿ ಬೆಳೆಸುವ ಧರ್ಮೋಪದೇಶಕ್ಕೂ ನಿಕಟ ಸಂಬಂಧವಿದ್ದರೂ ಅವೆರಡೂ ಒಂದಲ್ಲ, ಧರ್ಮೋಪದೇಶವು ಕೇಳುವವರು ಆಗಲೇ ವಿಶ್ವಾಸಿಗಳು ಎಂದು ಭಾವಿಸಿ ಹೊರಡುತ್ತದೆ, ಶಾಲೆಯ ಬೋಧನೆಯ ಗುರಿಯಾದರೋ ತಿಳಿವಳಿಕೆ ಎಂಬುದು ಅದರ ವಿವೇಚನೆ. ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಶಿಕ್ಷಣದ ಘೋಷಣೆಯನ್ನೂ, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ (ಚರ್ಚ್) ತಿರಸ್ಕರಿಸುವುದಿಲ್ಲವೆಂಬ ಘೋಷಣೆಯನ್ನೂ ಪ್ರಕಟಿಸಿದ್ದು ಒಂದೇ ದಿನ, 1965ರ ಅಕ್ಟೋಬರ್ 28ರಂದು. ನನ್ನ ತರಗತಿಯಲ್ಲಿ ಈ ಎರಡನ್ನೂ ಜೊತೆಯಾಗಿಯೇ ಓದಿಸುತ್ತೇನೆ.

ಪಾಠವನ್ನು ಯಾವಾಗಲೂ ಮೂಲದ ಓದಿನಿಂದ ಆರಂಭಿಸುತ್ತೇನೆ. ಬೈಬಲಿನಲ್ಲಿ ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಬರುವ ದುಂದುಗಾರ ಮಗನ ಸಾಮತಿಯನ್ನೇ (ನೀತಿಕಥೆಯನ್ನೇ) ತೆಗೆದುಕೊಳ್ಳಿ. ತನ್ನ ಪಾಲಿನ ಆಸ್ತಿಯನ್ನು ಹಾಳುಮಾಡಿ ಮರಳಿದ ಕಿರಿಯ ಮಗನನ್ನು ತಂದೆ ಔತಣವಿಟ್ಟು ಸ್ವಾಗತಿಸುತ್ತಾನೆ, ಮನೆಯಲ್ಲೇ ದುಡಿದ ಹಿರಿಯ ಮಗ ಸಿಟ್ಟಾಗಿ ಒಳಗೆ ಹೋಗಲು ಒಪ್ಪುವುದಿಲ್ಲ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಮಕ್ಕಳು ಅದನ್ನು ಓದದೆಯೇ ಉತ್ತರ ಹೇಳಲು ಸಿದ್ಧರಾಗಿರುತ್ತಾರೆ. ಹಾಗಾಗಿ ಅಧ್ಯಾಯದ ಮೊದಲ ಎರಡು ವಚನಗಳನ್ನು ಓದಿಸಿ, ಈ ಕಥೆಯನ್ನು ಯೇಸು ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳುತ್ತೇನೆ. ಪಾಪಿಗಳೊಡನೆ ಊಟ ಮಾಡುತ್ತಾನೆಂದು ಗೊಣಗುವ ಫರಿಸಾಯರು (ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಗಡದವರು) ಮತ್ತು ಧರ್ಮಶಾಸ್ತ್ರಿಗಳು ಅಲ್ಲಿದ್ದಾರೆ ಎಂಬುದು ಗಮನಕ್ಕೆ ಬಂದೊಡನೆ ಹಿರಿಯ ಮಗನ ಕಡೆಗೆ ಎಲ್ಲರ ದೃಷ್ಟಿ ಹೊರಳುತ್ತದೆ. ಇಷ್ಟು ವರ್ಷ ದುಡಿದರೂ ಒಂದು ಆಡುಮರಿಯನ್ನೂ ಕೊಡಲಿಲ್ಲವೆಂಬ ಅವನ ಸಿಟ್ಟು ಹದಿಹರೆಯದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ತಂದೆ ಕಿರಿಯನನ್ನು ಕಂಡು ಓಡಿಬಂದಂತೆ ಹಿರಿಯನನ್ನು ಒಲಿಸಲೂ ಮನೆಯಿಂದ ಹೊರಗೆ ಬಂದನೆಂಬುದನ್ನು ಅವರೇ ವಚನದಲ್ಲಿ ಹುಡುಕಿ ತೋರಿಸುವವರೆಗೆ ನಾನು ಕಾಯುತ್ತೇನೆ. ಹಿರಿಯನು ಕೊನೆಗೆ ಒಳಗೆ ಹೋದನೇ ಎಂಬುದನ್ನು ಲೂಕನು ಹೇಳುವುದಿಲ್ಲ. ಆ ಚರ್ಚೆಯನ್ನು ತೀರ್ಪು ಕೊಟ್ಟು ಮುಗಿಸಲು ನನಗೂ ಮನಸ್ಸಾಗುವುದಿಲ್ಲ. ಗುರುಗಳ ಮುಂದೆ ಪಾಪಗಳನ್ನು ಒಪ್ಪಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆಯ ಸಂಸ್ಕಾರದ ಕುರಿತು ಧರ್ಮಸಭೆ ಏನು ಬೋಧಿಸುತ್ತದೆ ಎಂಬುದನ್ನು ಅದಾದ ನಂತರವೇ, ಅದರ ಅಧಿಕೃತ ಬೋಧನೆಗಳ ಸಂಗ್ರಹವಾದ 1992ರ ಧರ್ಮೋಪದೇಶ ಗ್ರಂಥದ ಆಧಾರದಿಂದ ವಿವರಿಸುತ್ತೇನೆ. ಆ ಬೋಧನೆಯನ್ನು ಸಡಿಲಗೊಳಿಸುವುದಿಲ್ಲ, ಒಪ್ಪಲೇಬೇಕೆಂದು ಒತ್ತಾಯಿಸುವುದೂ ಇಲ್ಲ.

ಬಾಯಿಬಿಟ್ಟು ಕೇಳಲು ಹಿಂಜರಿಯುವವರು ಹೆಸರು ಬರೆಯದ ಚೀಟಿಯಲ್ಲಿ ಪ್ರಶ್ನೆ ಹಾಕುತ್ತಾರೆ. ನಿರಪರಾಧಿಗಳು ಏಕೆ ನರಳಬೇಕು ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಸಿದ್ಧ ಉತ್ತರ ಕೊಡುವ ಬದಲು ನಿರಪರಾಧಿಯಾಗಿಯೂ ನರಳಿದ ಯೋಬನ ಕುರಿತಾದ ಬೈಬಲಿನ ಗ್ರಂಥವನ್ನು ತೆರೆದು, ಅವನ ಪಾಪವೇ ನರಳಿಕೆಗೆ ಕಾರಣವೆಂಬ ಅವನ ಗೆಳೆಯರ ವಾದವನ್ನು ದೇವರೇ ಮೆಚ್ಚಲಿಲ್ಲವೆಂಬ ಭಾಗವನ್ನು ಓದಿಸುತ್ತೇನೆ.

ಪರೀಕ್ಷೆಯಲ್ಲಿ ವಿಶ್ವಾಸವನ್ನು ಅಳೆಯಲು ಯಾವ ಶಿಕ್ಷಕರಿಗೂ ಹಕ್ಕಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಹಿರಿಯ ಮಗನ ಸಿಟ್ಟು ನ್ಯಾಯವಾದದ್ದೇ ಎಂದು ವಚನಗಳನ್ನು ಆಧರಿಸಿ ವಾದಿಸಿ, ತಂದೆಯ ಮಾತನ್ನೂ ಸರಿಯಾಗಿ ಎತ್ತಿಹೇಳಿದ ಉತ್ತರಕ್ಕೆ ನನ್ನಲ್ಲಿ ಪೂರ್ಣ ಅಂಕ ಸಿಗುತ್ತದೆ. ದೇವರು ಪ್ರೀತಿಸ್ವರೂಪಿ ಎಂದಷ್ಟೇ ಬರೆದು ಮುಗಿಸಿದ ಉತ್ತರ, ಅದೆಷ್ಟೇ ಭಕ್ತಿಯಿಂದ ಬರೆದದ್ದಾಗಿದ್ದರೂ, ಪಠ್ಯವನ್ನು ಓದಿದ ಗುರುತು ತೋರಿಸದಿದ್ದರೆ ಹೆಚ್ಚು ಅಂಕ ಪಡೆಯುವುದಿಲ್ಲ. ಪ್ರಾರ್ಥನೆಯಲ್ಲಿ ಇನ್ನೂ ಆಳಕ್ಕೆ ಹೋಗಬೇಕೆನ್ನುವ ಮಕ್ಕಳನ್ನು ಅವರ ಧರ್ಮಕೇಂದ್ರದ ಗುರುಗಳ ಬಳಿಗೆ ಕಳುಹಿಸುತ್ತೇನೆ. ಅವರ ಉತ್ತರಪತ್ರಿಕೆಯನ್ನು ಉಳಿದವರದರಂತೆಯೇ ತಿದ್ದುತ್ತೇನೆ.