ಶಾಲೆಯಲ್ಲಿ ಸಾಕ್ಷ್ಯಚಿತ್ರ ಪ್ರದರ್ಶನ: ಮೊದಲೇ ಗಮನಿಸಬೇಕಾದ ಸಂಗತಿಗಳು

ಮಕ್ಕಳಿಗೆ ಸಾಕ್ಷ್ಯಚಿತ್ರ ತೋರಿಸಲು ಯೋಜಿಸುತ್ತಿರುವ ಶಿಕ್ಷಕ ಮಿತ್ರರು ಮೊದಲು ಚಿತ್ರವನ್ನು ತಾವೇ ಪೂರ್ತಿಯಾಗಿ ನೋಡಿ, ಎಲ್ಲಿ ನಿಲ್ಲಿಸಿ ಮಾತನಾಡಬೇಕೆಂಬುದನ್ನು ಗುರುತು ಹಾಕಿಕೊಳ್ಳುವುದು ಒಳಿತು. ಉದಾಹರಣೆಗೆ, ಕರ್ನಾಟಕದ ವನ್ಯಜೀವಿಗಳ ಕುರಿತ ‘ವೈಲ್ಡ್ ಕರ್ನಾಟಕ’ದ ಅವಧಿ 50 ನಿಮಿಷಕ್ಕಿಂತ ತುಸು ಹೆಚ್ಚು, ಒಂದು ಪೀರಿಯಡ್‌ನಲ್ಲಿ ಅದು ಮುಗಿಯದಿರುವುದರಿಂದ ಎರಡನ್ನು ಜೋಡಿಸಿಕೊಂಡರೆ ಚರ್ಚೆಗೂ ಸಮಯ ಉಳಿಯುತ್ತದೆ. ಡೇವಿಡ್ ಅಟೆನ್‌ಬರೋ ಅವರ ಇಂಗ್ಲಿಷ್ ನಿರೂಪಣೆಯಲ್ಲದೆ ರಿಷಬ್ ಶೆಟ್ಟಿ ಅವರ ಕನ್ನಡ ನಿರೂಪಣೆಯೂ ಅದಕ್ಕಿದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದ್ದನ್ನೇ ತೋರಿಸಿ. ಅಡಿಬರಹ ಓದುವ ಅವಸರದಲ್ಲಿ ಅವರು ದೃಶ್ಯವನ್ನೇ ಕಳೆದುಕೊಳ್ಳುವುದು ನಿಜಕ್ಕೂ ಬೇಸರದ ಸಂಗತಿ.

ಪ್ರದರ್ಶನ ಕೆಡುವುದು ಹೆಚ್ಚಾಗಿ ಧ್ವನಿಯಿಂದ. ಪ್ರೊಜೆಕ್ಟರ್‌ನೊಳಗಿನ ಪುಟ್ಟ ಸ್ಪೀಕರ್ ಸಭಾಂಗಣಕ್ಕೆ ಸಾಲದು. ಆದ್ದರಿಂದ ಪ್ರಾರ್ಥನೆಗೆ ಬಳಸುವ ಧ್ವನಿವರ್ಧಕಕ್ಕೆ ಲ್ಯಾಪ್‌ಟಾಪ್ ಜೋಡಿಸುವ ಕೇಬಲನ್ನು ಹಿಂದಿನ ದಿನವೇ ಹುಡುಕಿಟ್ಟು, ಚಿತ್ರವನ್ನು ಹಾಕಿ, ಕೊನೆಯ ಸಾಲಿನಲ್ಲಿ ನೆಲದ ಮೇಲೆ ಮಕ್ಕಳ ಎತ್ತರಕ್ಕೆ ಕುಳಿತು ಕೇಳಿ ನೋಡಬೇಕು. ತಗಡಿನ ಮಾಡಿನ ಕೊಠಡಿಯಾದರೆ ಮಳೆಗಾಲದ ಮಧ್ಯಾಹ್ನ ಬೇಡವೇ ಬೇಡ. ಬೆಳಕು ತಡೆಯಲು ಕಿಟಕಿಗಳಿಗೆ ದಪ್ಪನೆಯ ಕಪ್ಪು ಬಟ್ಟೆ ಸಾಕು.

1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಸೆಕ್ಷನ್, ಶಾಲಾ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು ಮತ್ತು ಪೋಷಕರಂಥ ಸೀಮಿತ ಪ್ರೇಕ್ಷಕರಿಗೆ ನಡೆಸುವ ಪ್ರದರ್ಶನಕ್ಕೆ ವಿನಾಯಿತಿ ನೀಡಿದೆ. ಊರಿನವರನ್ನೆಲ್ಲ ಆಹ್ವಾನಿಸುವುದಾದರೆ ಹಕ್ಕುದಾರರ ಲಿಖಿತ ಅನುಮತಿ ಪಡೆಯಿರಿ.

ಮುಗಿದ ಮೇಲೆ ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು ಸಾರ್’ ಎಂಬ ಉತ್ತರವಷ್ಟೇ ಬರುತ್ತದೆ. ಬದಲಿಗೆ, ‘ನಮ್ಮೂರಿನ ಕೆರೆಯನ್ನು ಚಿತ್ರೀಕರಿಸುವುದಾದರೆ ಯಾವ ಹೊತ್ತಿನಲ್ಲಿ, ಯಾವ ಹಕ್ಕಿಗಾಗಿ ಕಾಯುತ್ತೀರಿ?’ ಎಂದು ಕೇಳಿ, ಉತ್ತರ ಬರೆಯಲು ಹತ್ತು ನಿಮಿಷ ಕೊಡಿ.